ನಾಣ್ಯದ ಹಿಂಬದಿಯನ್ನೂ ತೋರಿಸಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಪ್ರಾಚೀನ ಗ್ರೀಸಿನ ಬೆಳ್ಳಿ ನಾಣ್ಯಗಳಿಗೆ ಇಡೀ ಪುಟ ಕೊಟ್ಟಿದ್ದೀರಿ. ಕನ್ನಡ ಪತ್ರಿಕೆಗಳಲ್ಲಿ ಈ ವಿಷಯಕ್ಕೆ ಇಷ್ಟು ಜಾಗ ಸಿಗುವುದು ಅಪರೂಪ, ಅದಕ್ಕೆ ಧನ್ಯವಾದ. ಆದರೆ ಒಂದು ತಕರಾರಿದೆ. ಪ್ರತಿ ನಾಣ್ಯದ ಒಂದೇ ಬದಿಯ ಚಿತ್ರ ಹಾಕಿ, ಕೆಳಗೆ ಹರಾಜಿನ ಬೆಲೆ ಬರೆದು ಮುಗಿಸಿದ್ದೀರಿ. ಗ್ರೀಕರ ನಾಣ್ಯಗಳಲ್ಲಿ ಎಷ್ಟೋ ಸಲ ಒಂದೇ ಪುರಾಣಕಥೆ ಎರಡೂ ಬದಿಗೆ ಹರಡಿಕೊಂಡಿರುತ್ತದೆ.

ಕೊರಿಂಥ್ ಪಟ್ಟಣದ ನಾಣ್ಯವನ್ನೇ ನೋಡಿ. ನೀವು ಹಾಕಿರುವುದು ರೆಕ್ಕೆಗಳುಳ್ಳ ಕುದುರೆ ಪೆಗಾಸಸ್. ಜನ ಈ ನಾಣ್ಯವನ್ನು ‘ಮರಿಕುದುರೆ’ ಎಂದೇ ಕರೆಯುತ್ತಿದ್ದರಂತೆ. ತಿರುಗಿಸಿದರೆ ಶಿರಸ್ತ್ರಾಣವನ್ನು ಹಣೆಯಿಂದ ಮೇಲಕ್ಕೆ ಸರಿಸಿಕೊಂಡ ಅಥೀನಾ ದೇವಿಯ ಮುಖ. ಕುದುರೆಗೂ ದೇವಿಗೂ ಏನು ಸಂಬಂಧ? ಬೆಲೆರೊಫೋನ್ ಎಂಬ ವೀರ ಎಷ್ಟು ಹೆಣಗಿದರೂ ಪೆಗಾಸಸ್ ಕೈಗೆ ಸಿಗುವುದಿಲ್ಲ. ಅವನು ಅಥೀನಾಳ ಬಲಿಪೀಠದ ಬಳಿ ಮಲಗುತ್ತಾನೆ. ದೇವಿ ಕನಸಿನಲ್ಲಿ ಬಂದು ಚಿನ್ನದ ಕಡಿವಾಣ ಕೊಡುತ್ತಾಳೆ. ಎದ್ದು ನೋಡಿದರೆ ಕಡಿವಾಣ ಪಕ್ಕದಲ್ಲೇ ಇದೆ! ಅದನ್ನು ಹಿಡಿದು ಹೋಗಿ, ಪೈರೀನ್ ಚಿಲುಮೆಯಲ್ಲಿ ನೀರು ಕುಡಿಯುತ್ತಿದ್ದ ಕುದುರೆಯನ್ನು ಒಲಿಸಿಕೊಳ್ಳುತ್ತಾನೆ. ಆ ಚಿಲುಮೆ ಕೊರಿಂಥ್ ಊರಿನದೇ. ಊರಿನವರು ತಮ್ಮ ನೀರಿನ ಕಥೆಯನ್ನೇ ಬೆಳ್ಳಿಯ ಮೇಲೆ ಒತ್ತಿಸಿದ್ದರು. ಅಥೆನ್ಸಿನ ಗೂಬೆ ನಾಣ್ಯಕ್ಕೆ ಎಲ್ಲರೂ ಮೊದಲ ಮಣೆ ಹಾಕುತ್ತಾರೆ, ನನ್ನ ಮಟ್ಟಿಗೆ ಕೊರಿಂಥಿನದೇ ಒಂದು ಕೈ ಮೇಲು.

ಕ್ರೀಟ್ ದ್ವೀಪದ ಗೊರ್ಟಿನ್ ನಾಣ್ಯವೂ ಹೀಗೆಯೇ. ಒಂದು ಬದಿಯಲ್ಲಿ ಮರದ ಕೊಂಬೆಗಳ ನಡುವೆ ಕುಳಿತ ಹುಡುಗಿ, ಇನ್ನೊಂದು ಬದಿಯಲ್ಲಿ ಗೂಳಿ. ಹುಡುಗಿ ಯೂರೋಪಾ, ಗೂಳಿ ಅವಳನ್ನು ಫಿನೀಷಿಯಾದಿಂದ (ಇಂದಿನ ಲೆಬನಾನಿನ ಕರಾವಳಿ) ಕಡಲು ದಾಟಿಸಿ ಹೊತ್ತು ತಂದ ಗ್ರೀಕರ ದೇವರಾಜ ಜ್ಯೂಸ್. ಗೂಳಿಯನ್ನು ಬಿಟ್ಟು ನೋಡಿದವರಿಗೆ ಅವಳು ಯಾರೆಂದೇ ತಿಳಿಯುವುದಿಲ್ಲ.

ಅಲೆಕ್ಸಾಂಡರನ ನಾಣ್ಯದ ವಿಷಯದಲ್ಲಂತೂ ಇದು ಓದುಗರನ್ನು ದಾರಿ ತಪ್ಪಿಸುತ್ತದೆ. ಚಿತ್ರದಡಿ ‘ಅಲೆಕ್ಸಾಂಡರ್’ ಎಂದಷ್ಟೇ ಬರೆದರೆ, ಸಿಂಹದ ಚರ್ಮವನ್ನು ತಲೆಗೆ ಹೊದ್ದ ಆ ಮುಖ ಅವನದೇ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಅದು ಗ್ರೀಕ್ ಪುರಾಣದ ಮಹಾವೀರ ಹೆರಾಕ್ಲಿಸ್. ಹಿಂಬದಿಯಲ್ಲಿ ಕೈಮೇಲೆ ಹದ್ದನ್ನು ಕೂರಿಸಿಕೊಂಡು ಪೀಠದಲ್ಲಿ ಕುಳಿತವನು ಜ್ಯೂಸ್, ಹೆರಾಕ್ಲಿಸನ ತಂದೆ. ಅಲೆಕ್ಸಾಂಡರನ ನಾಡಾದ ಮ್ಯಾಸಿಡೋನಿಯಾದ ಅರಸರು ತಾವು ಹೆರಾಕ್ಲಿಸನ ವಂಶದವರೆಂದು ಹೇಳಿಕೊಳ್ಳುತ್ತಿದ್ದರು. ಮುಂದೆ ಮಗ, ಹಿಂದೆ ಅಪ್ಪ, ಪಕ್ಕದಲ್ಲಿ ಅಲೆಕ್ಸಾಂಡರನ ಹೆಸರು: ರಾಜನ ವಂಶಾವಳಿಯೇ ಅಂಗೈಗೆ ಬಂದಂತಾಯಿತು.

ನಮಗೆ ಹತ್ತಿರದ ಒಂದು ಉದಾಹರಣೆ ನಿಮ್ಮ ಪುಟದಲ್ಲಿ ಬರಲೇ ಇಲ್ಲ. 1970ರಲ್ಲಿ ಅಫ್ಘಾನಿಸ್ತಾನದ ಐ ಖಾನುಮ್‌ನಲ್ಲಿ ಉತ್ಖನನ ಮಾಡುತ್ತಿದ್ದ ಫ್ರೆಂಚ್ ಪುರಾತತ್ವಜ್ಞರಿಗೆ ಆ ಸೀಮೆಯನ್ನು ಆಳಿದ ಗ್ರೀಕ್ ಅರಸ ಅಗಾಥೊಕ್ಲಿಸನ ಆರು ಚೌಕ ಬೆಳ್ಳಿ ನಾಣ್ಯಗಳು ಸಿಕ್ಕವು. ಕ್ರಿ.ಪೂ. 2ನೇ ಶತಮಾನದವು. ಒಂದು ಬದಿಯಲ್ಲಿ ನೇಗಿಲು ಹಿಡಿದ ಸಂಕರ್ಷಣ, ಅಂದರೆ ನಮ್ಮ ಬಲರಾಮ. ಮತ್ತೊಂದರಲ್ಲಿ ಶಂಖ, ಚಕ್ರ ಹಿಡಿದ ವಾಸುದೇವ. ಒಂದು ಕಡೆ ಗ್ರೀಕ್ ಬರಹ, ಇನ್ನೊಂದು ಕಡೆ ಬ್ರಾಹ್ಮಿ. ಅಪ್ಪ ಮಗನಿದ್ದ ಜಾಗಕ್ಕೆ ಅಣ್ಣ ತಮ್ಮಂದಿರು ಬಂದಿದ್ದಾರೆ. ಕೃಷ್ಣನ ಚಿತ್ರಗಳಲ್ಲಿ ಇಷ್ಟು ಹಳೆಯವು ತೀರ ವಿರಳ. ಇಂಥ ನಾಣ್ಯದ ಒಂದೇ ಬದಿ ತೋರಿಸಿದರೆ ಅಣ್ಣನೋ ತಮ್ಮನೋ ಒಬ್ಬ ಕಾಣೆಯಾಗುತ್ತಾನೆ.

ಬೆಲೆ ಕೇಳಿ ಬೆರಗಾಗುವ ಓದುಗರು ಇರಬಹುದು. ಆದರೆ ಪುರವಣಿಯನ್ನು ಕತ್ತರಿಸಿ ಇಟ್ಟುಕೊಳ್ಳುವ ಶಾಲಾ ಮಕ್ಕಳಿಗೂ ಮೇಷ್ಟ್ರಿಗೂ ಬೇಕಿರುವುದು ಈ ಕಥೆಗಳು. ಮುಂದಿನ ಸಲ ದಯವಿಟ್ಟು ಎರಡೂ ಬದಿಗಳನ್ನು ಅಕ್ಕಪಕ್ಕದಲ್ಲಿ, ಸ್ವಲ್ಪ ದೊಡ್ಡದಾಗಿ ಹಾಕಿ. ಜಾಗ ಸಾಲದಿದ್ದರೆ ಬೆಲೆಯ ಸಾಲನ್ನು ತೆಗೆಯಿರಿ. ಐ ಖಾನುಮ್ ನಾಣ್ಯಗಳಿಂದಲೇ ಶುರು ಮಾಡಿದರೆ ಇನ್ನೂ ಸಂತೋಷ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ, ಧಾರವಾಡ