ಮ್ಯೂನಿಕ್‌ನಿಂದ, ಸೋಲುವ ಸವಾರನ ಕಡೆಯವಳು

ಪ್ರೀತಿಯ ಗುಂಡಣ್ಣ,

ಪತ್ರ ಬರಿ ಅಂತ ಪೀಡಿಸಿದ್ದು ನೀನು, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಬರೆಯುತ್ತಿರುವುದು ನಾನು. ಬಕೆಟ್ ಪ್ರಸಂಗ ಎತ್ತುವುದಿಲ್ಲ, ಹೆದರಬೇಡ.

ಶೂಟಿಂಗ್ ವರ್ಲ್ಡ್ ಕಪ್‌ಗೆ ಅಂತ ಮ್ಯೂನಿಕ್‌ಗೆ ಬಂದು ಮೂರು ದಿನ ಆಯಿತು. ರೈಫಲ್‌ಗಳು ರೇಂಜಿನಲ್ಲಿ ಬೀಗದೊಳಗಿವೆ. ಟ್ರೇನಿಂಗ್ ಶುರುವಾಗುವವರೆಗೆ ಸುಮ್ನೆ ಊರು ನೋಡಿ ಅಂದರು ಕೋಚ್ ಸರ್. ಸೈಟ್ ಸೀಯಿಂಗ್! ನಿಮ್ಮಪ್ಪನಿಗೆ ಸೈಟ್ ಅಂದರೆ 30-40. ನಿನಗೆ ಸೈಟ್ ಅಂದರೆ ಏನು ಅಂತ ಇಲ್ಲಿ ಬೇಡ. ನನಗೆ ಮಾತ್ರ ರೈಫಲ್ ಮೇಲಿನ ಆ ಸಣ್ಣ ಕಿಂಡಿ. 10 ಮೀಟರ್ ಆಚೆಗಿನ ಅರ್ಧ ಮಿಲಿಮೀಟರ್ ಚುಕ್ಕಿ ನೋಡುತ್ತಾ ಬೆಳೆದವಳಿಗೆ ಇಷ್ಟು ದೊಡ್ಡ ಊರು ತೋರಿಸಿದರೆ ಎಲ್ಲಿಂದ ನೋಡಲಿ?

ಸುತ್ತುವುದಕ್ಕೂ ಷರತ್ತು ಬೇರೆ. ಜಾಸ್ತಿ ನಡೆಯಬೇಡಿ, ಕಾಲು ಸೋತರೆ ನಿಲುವು ಅಲ್ಲಾಡುತ್ತದೆ. ಭಾರದ ಬ್ಯಾಗ್ ಬೇಡ, ಭುಜ. ಕಾಫಿ ಬೇಡ, ನಾಡಿ. ಹಾಗಾಗಿ ನಾವು ಬೆಂಚಿಂದ ಬೆಂಚಿಗೆ ಹೋಗಿ ಕೂರುವ ಪ್ರವಾಸ ಮಾಡಿದೆವು. ಪಕ್ಕದಲ್ಲಿ ಕೂತ ಅಜ್ಜಂದಿರೇ ನಮಗಿಂತ ಚುರುಕಾಗಿದ್ದರು.

ಮೊದಲ ದಿನ ಮರಿಯೆನ್‌ಪ್ಲಾಟ್ಸ್ ಚೌಕ. ಅಲ್ಲಿನ ಟೌನ್‌ಹಾಲ್ ಗೋಪುರದಲ್ಲಿ ಬೊಂಬೆಗಳ ಗಡಿಯಾರ ಇದೆ. ಬೆಳಿಗ್ಗೆ 11ಕ್ಕೆ 43 ಗಂಟೆಗಳು ರಾಗ ಶುರುಮಾಡುತ್ತವೆ, ಚೌಕಕ್ಕೆ ಚೌಕವೇ ಕತ್ತೆತ್ತಿ ನಿಲ್ಲುತ್ತದೆ. ಆಳೆತ್ತರದ ಬೊಂಬೆಗಳು ತಿರುಗುತ್ತಾ ಬರುತ್ತವೆ. 1568ರಲ್ಲಿ ನಡೆದ ಒಬ್ಬ ಡ್ಯೂಕ್‌ನ ಮದುವೆ ಅದು. ಮದುವೆಯ ಖುಷಿಗೆ ಇಬ್ಬರು ಕುದುರೆ ಸವಾರರ ಕಾಳಗ. ಒಬ್ಬ ಬವೇರಿಯಾದವನು, ಇನ್ನೊಬ್ಬ ಹುಡುಗಿ ಕಡೆಯ ಲೊರೇನ್‌ನವನು. ಮೊದಲ ಸುತ್ತಿನಲ್ಲಿ ಏನೂ ಆಗುವುದಿಲ್ಲ. ಎರಡನೇ ಸಲ ಎದುರಾದಾಗ ಲೊರೇನ್‌ನವನು ಏಟು ತಿಂದು ಹಿಂದಕ್ಕೆ ವಾಲುತ್ತಾನೆ. ಜನ ಹೋ ಅಂದರು. ಕೊನೆಗೆ ಮೇಲಿನ ಬಂಗಾರದ ಹುಂಜ ಕೂಗಿತು, ಆಟ ಮುಗಿಯಿತು. ಪಾಪ, 12 ಗಂಟೆಗೆ ಮತ್ತೆ ಬರಬೇಕು, ಮತ್ತೆ ವಾಲಬೇಕು. 1908ರಿಂದ ಅವನಿಗೆ ಇದೇ ಡ್ಯೂಟಿ.

ಉಳಿದವರೆಲ್ಲ ಗೆದ್ದವನ ಫೋಟೊ ತೆಗೆದರು. ನಾನು ಸೋತವನದ್ದು ತೆಗೆದೆ.

ಯಾಕೆ ಅಂತ ನಿನಗೆ ಗೊತ್ತು, ಓದುತ್ತಿರುವ ಉಳಿದವರಿಗೆ ಹೇಳುತ್ತೇನೆ. ಈ ಸಲ ನಾನು ಆರ್‌ಪಿಒ. ಬರೀ ರ‍್ಯಾಂಕಿಂಗ್ ಪಾಯಿಂಟ್‌ಗೆ ಆಡುವವಳು. ಎಲ್ಲರ ಹಾಗೆ 60 ಶಾಟ್, ಅದೇ 75 ನಿಮಿಷ. ಆದರೆ ಎಷ್ಟೇ ಚೆನ್ನಾಗಿ ಹೊಡೆದರೂ ಫೈನಲ್‌ನ ಆ 8 ಜನರಲ್ಲಿ ನಾನಿಲ್ಲ. ಪದಕದ ಮಾತೇ ಇಲ್ಲ. ಮನೆಯಲ್ಲಿ ಇದನ್ನು ಇನ್ನೂ ಬಿಡಿಸಿ ಹೇಳಿಲ್ಲ. ಅಮ್ಮ ಹರಕೆ ಹೊತ್ತಿದ್ದಾಳೆ.

ಎರಡನೇ ದಿನ ಒಲಿಂಪಿಕ್ ಪಾರ್ಕ್. 1972ರ ಒಲಿಂಪಿಕ್ಸ್ ವೇಳೆ ಕೊಲೆಯಾದ 11 ಇಸ್ರೇಲಿಗಳ ಸ್ಮಾರಕ ಅಲ್ಲಿದೆ. ಅವರಲ್ಲಿ ಒಬ್ಬರು ಶೂಟಿಂಗ್ ಕೋಚ್, ಕೆಹಾತ್ ಶೋರ್. ಸರ್ ಟೋಪಿ ಕೈಯಲ್ಲಿ ಹಿಡಿದು ತುಂಬಾ ಹೊತ್ತು ನಿಂತರು. ನಾವು ಆಡಬೇಕಾಗಿರುವ ರೇಂಜ್ ಕೂಡ ಅದೇ ಒಲಿಂಪಿಕ್ಸ್‌ಗೆ ಕಟ್ಟಿದ್ದು ಅಂದರು, ಅಷ್ಟೇ. ಅಲ್ಲಿ ಯಾರೂ ಫೋಟೊ ತೆಗೆಯಲಿಲ್ಲ.

ಆಮೇಲೆ ಮಳೆ. ನನ್ನ ರೂಮ್‌ಮೇಟ್ ಕೊಡೆ ತಂದಿರಲಿಲ್ಲ. ಅವಳು ಪದಕಕ್ಕೆ ಆಡುವ ಮೂವರಲ್ಲಿ ಒಬ್ಬಳು. ಒಂದೇ ಕೊಡೆಯಲ್ಲಿ ಅರ್ಧರ್ಧ ನೆನೆದು ಮೆಟ್ರೋ ಹತ್ತಿದೆವು. ಅವಳು ಸೀನಿದಳು. ಇನ್ನೊಂದು. ಮತ್ತೊಂದು. ಗುಂಡಣ್ಣ, ನಾನು ಎಣಿಸಿದೆ ಕಣೋ. ಮೂರನೇ ಸೀನಿಗೆ ನನ್ನ ತಲೆಯಲ್ಲಿ ಟೀಮಿನ ಪಟ್ಟಿ ತೆರೆದುಕೊಂಡಿತ್ತು. ಇವಳಿಗೆ ಜ್ವರ ಬಂದರೆ? ಹೆಸರು ಬದಲಾಯಿಸುತ್ತಾರಾ? ಯಾರನ್ನು ಹಾಕುತ್ತಾರೆ? ಬಾಯಿ ಮಾತ್ರ "ತಲೆ ಒರೆಸಿಕೋ, ಶೀತ ಆಗುತ್ತೆ" ಅಂತಿತ್ತು.

ರಾತ್ರಿ ಬಿಸಿನೀರು ಕಾಯಿಸಿ ಕೊಟ್ಟೆ. ಕೊಡುವಾಗ ಹಣೆ ಮುಟ್ಟಿ ನೋಡಿದೆ. "ದೀದಿ, ನೀವಿಲ್ಲದಿದ್ದರೆ ಏನು ಮಾಡುತ್ತಿದ್ದೆ" ಅಂದಳು. ಹಣೆ ಬಿಸಿ ಇರಲಿಲ್ಲ. ನನಗೆ ಬೇಜಾರಾಯಿತು. ಅರ್ಧ ಸೆಕೆಂಡು, ಅಷ್ಟೇ. ಆದರೆ ಅರ್ಧ ಸೆಕೆಂಡಿನಲ್ಲಿ ಒಂದು ಶಾಟ್‌ನ ಅಂಕ 10.5 ಹೋಗಿ 9.2 ಆಗುತ್ತದೆ ಅಂತ ಟ್ರಿಗರ್ ಮೇಲೆ ಬೆರಳಿಟ್ಟ ನಿನಗೆ ನಾನು ಹೇಳಬೇಕಾ? ಆ ಲೊರೇನ್ ಸವಾರನಾದರೂ ಇನ್ನೊಬ್ಬನ ಕುದುರೆ ಎಡವಲಿ ಅಂತ ಬೇಡಿಕೊಂಡವನಲ್ಲ. ಅವನು ಮರದವನೋ ತಗಡಿನವನೋ, ಬಚಾವ್.

ಬೆಳಿಗ್ಗೆ ಅವಳು ಹಾಡಿಕೊಂಡು ಸ್ನಾನಕ್ಕೆ ಹೋದಳು. ಗಂಟಲು ಗಂಟೆ ಹೊಡೆದ ಹಾಗಿತ್ತು.

ಇದನ್ನೆಲ್ಲ ಬರೆಯುವ ಉದ್ದೇಶವೇ ಇರಲಿಲ್ಲ. ಬೊಂಬೆ ಗಡಿಯಾರದ ಕತೆ ಹೇಳಿ, ಹಳದಿ ಸ್ವೆಟರಿನ ಫೋಟೊ ಹಾಕಿ ಮುಗಿಸೋಣ ಅಂತಿದ್ದೆ. ಅವಳಿಗೆ ಕನ್ನಡ ಬರುವುದಿಲ್ಲ ಅನ್ನುವ ಧೈರ್ಯದ ಮೇಲೆ ಇಷ್ಟೆಲ್ಲ ಬಂತು. ಫೋನಿನಲ್ಲಿ ಅನುವಾದದ ಬಟನ್ ಅಂತ ಒಂದಿದೆ ಅಲ್ವಾ? ಈಗ ನೆನಪಾಯಿತು ನೋಡು. ಬೇಗ ಬಂದು ಏನಾದರೂ ತರಲೆ ಮಾಡಿ ಜನರ ಗಮನ ಬೇರೆ ಕಡೆ ತಿರುಗಿಸೋ. ಬೇಕಾದರೆ ಬಕೆಟ್ ಪ್ರಸಂಗವನ್ನೇ ಎತ್ತು, ಪರವಾಗಿಲ್ಲ.

ನಿನ್ನ,
ಲೊರೇನ್ ಕಡೆಯವಳು