ಆಯುಧವಿಲ್ಲದೆ ರಣರಂಗಕ್ಕಿಳಿದವರು

ಮಾನ್ಯ ಸಂಪಾದಕರೇ,

ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿನ ನಾರ್ಮಂಡಿ ತೀರದ ಮೇಲೆ ಮಿತ್ರಪಡೆಗಳು ನಡೆಸಿದ ದಾಳಿಯ ಬಗ್ಗೆ ಬರೆಯುವವರು ಸೇನಾಪತಿಗಳನ್ನೂ ಹಡಗುಗಳನ್ನೂ ನೆನೆಯುತ್ತಾರೆಯೇ ಹೊರತು, ಸೈನಿಕರೊಡನೆ ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕಿದ ಪಾದ್ರಿಗಳನ್ನು ನೆನೆಯುವುದು ಅಪರೂಪ. ಫಾದರ್ ಇಗ್ನೇಷಿಯಸ್ ಮೆಟರ್ನೋವ್ಸ್ಕಿ ಅಂಥವರಲ್ಲೊಬ್ಬರು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗಿರಣಿಗಳ ಊರಾದ ಹೋಲಿಯೋಕ್‌ನಲ್ಲಿ, ಪೋಲೆಂಡಿನಿಂದ ವಲಸೆ ಬಂದ ಕುಟುಂಬದಲ್ಲಿ 1912ರಲ್ಲಿ ಹುಟ್ಟಿದ ಇವರು, 1938ರಲ್ಲಿ ಫ್ರಾನ್ಸಿಸ್ಕನ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಪಂಥದ ಗುರುದೀಕ್ಷೆ ಪಡೆದು, ಯುದ್ಧಕಾಲದಲ್ಲಿ ಪ್ಯಾರಾಚೂಟ್ ಸೈನಿಕರ 82ನೇ ಏರ್‌ಬೋರ್ನ್ ಡಿವಿಷನ್ನಿನ 508ನೇ ರೆಜಿಮೆಂಟಿನ ಧರ್ಮಗುರುವಾದರು.

1944ರ ಜೂನ್ 6ರಂದು ನಾರ್ಮಂಡಿಯ ಪಿಕೋವಿಲ್ ಸಮೀಪದ ಹಳ್ಳಿಯೊಂದರಲ್ಲಿ ಗಾಯಾಳುಗಳನ್ನು ಮಲಗಿಸಲು ಜಾಗ ಸಾಲದಾದಾಗ, ಎರಡೂ ಪಡೆಗಳ ಗಾಯಾಳುಗಳಿಗೆ ಒಂದೇ ಆಸ್ಪತ್ರೆ ಮಾಡೋಣವೆಂದು ಕೇಳಲು ಇವರು ಬರಿಗೈಯಲ್ಲಿ ಜರ್ಮನ್ನರ ಕಡೆಗೆ ನಡೆದುಹೋದರು. ತಮ್ಮ ತಂದೆತಾಯಿಯರ ನಾಡನ್ನು ಆಕ್ರಮಿಸಿಕೊಂಡಿದ್ದ ಸೇನೆಯೊಡನೆ ಹೀಗೆ ಮಾತಿಗೆ ಹೋಗುವುದು ಸಣ್ಣ ಸಂಗತಿಯಲ್ಲ. ಧರ್ಮಗುರುಗಳಿಗೆ 1929ರ ಜಿನೀವಾ ಒಪ್ಪಂದವೇ ರಕ್ಷಣೆ ಕೊಟ್ಟಿದ್ದರೂ ಅವರು ಅಂದೇ ಗುಂಡಿಗೆ ಬಲಿಯಾದರು. ಆ ದಿನ ಸತ್ತ ಏಕೈಕ ಅಮೆರಿಕನ್ ಸೇನಾ ಧರ್ಮಗುರು ಇವರೇ.

ಮೊದಲನೇ ಮಹಾಯುದ್ಧದಲ್ಲೂ ಅಮೆರಿಕದ ಪೋಲಿಷ್ ವಲಸಿಗರ 20,000ಕ್ಕೂ ಹೆಚ್ಚು ಮಕ್ಕಳು ಸ್ವಯಂಸೇವಕರಾಗಿ, ಫ್ರಾನ್ಸ್‌ನಲ್ಲಿ ಕಟ್ಟಿದ ಹಾಲರ್ ಸೇನೆ ಎಂಬ ಪೋಲಿಷ್ ಪಡೆಯನ್ನು ಸೇರಿದ್ದರು. ಇಂಥ ವಲಸಿಗರ ಮನೆಯಿಂದ ಯುದ್ಧಕ್ಕೆ ಬಂದ, ಇಂಗ್ಲಿಷ್ ಇನ್ನೂ ನಾಲಿಗೆಗೆ ಒಗ್ಗದ ಹುಡುಗನಿಗೆ, ಸಾಯುವ ಹೊತ್ತಿನ ಪಾಪನಿವೇದನೆಯನ್ನು ತಾಯ್ನುಡಿಯಲ್ಲೇ ಕೇಳಿಸಿಕೊಳ್ಳಬಲ್ಲ ಗುರುವೊಬ್ಬ ಪಕ್ಕದಲ್ಲಿರುವುದು ಎಷ್ಟು ದೊಡ್ಡ ಆಸರೆಯೆಂಬುದನ್ನು ನಮ್ಮ ಯುದ್ಧಲೇಖನಗಳು ಗಮನಿಸುವುದೇ ಇಲ್ಲ.

ಮೆಟರ್ನೋವ್ಸ್ಕಿಯವರ ದೇಹ ಮೂರು ದಿನ ರಸ್ತೆ ಬದಿಯಲ್ಲೇ ಬಿದ್ದಿತ್ತು. 1948ರಲ್ಲಷ್ಟೇ ಅದನ್ನು ಮ್ಯಾಸಚೂಸೆಟ್ಸ್‌ಗೆ ತಂದು ಮಣ್ಣು ಮಾಡಲಾಯಿತು.

– ಓರ್ವ ಓದುಗ