ಡಿಸೈನ್ ಸಿಸ್ಟಮ್ ಕೊನೆಗೂ ಬಂತು, ಅಕ್ಕನಿಗೆ ಥ್ಯಾಂಕ್ಸ್

ಈ ವಾರದಿಂದ ಮೈಸೂರಿನ ಹೆಬ್ಬಾಳದ ನಮ್ಮ ಆಫೀಸಿನಲ್ಲಿ ಆ್ಯಪ್‌ನ ಹೊಸ ಸ್ಕ್ರೀನ್‌ಗಳೆಲ್ಲ ಒಂದೇ ಡಿಸೈನ್ ಸಿಸ್ಟಮ್‌ನಿಂದ ಬರುತ್ತಿವೆ. ಬಟನ್, ಪಟ್ಟಿ, ಅಳತೆ ಎಲ್ಲ ಒಮ್ಮೆ ಮಾಡಿಟ್ಟು ಪ್ರತಿ ಸ್ಕ್ರೀನ್‌ನಲ್ಲೂ ಅದನ್ನೇ ಬಳಸುವ ಸಂಗ್ರಹ ಅದು. ಮೊನ್ನೆ ತಾನೇ ಕೆಲಸಕ್ಕೆ ಸೇರಿದ ಹುಡುಗಿ ಫಿಗ್ಮಾ ಅನ್ನೋ ಡಿಸೈನ್ ಟೂಲ್‌ನಲ್ಲಿ ಟೆಂಪ್ಲೇಟ್ ತೆರೆದು, ಬಟನ್, ಪಟ್ಟಿ, ಫಾರ್ಮ್ ಎಲ್ಲ ಜೋಡಿಸಿ, ಊಟದ ಹೊತ್ತಿಗೆ ಒಂದು ಅರ್ಜಿಯ ಸ್ಕ್ರೀನ್ ಮುಗಿಸಿದಳು. ಅದನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಈ ಕೆಲಸ ಮಧ್ಯೆ ಒಮ್ಮೆ ನಿಂತೂ ಹೋಗಿತ್ತು. ಸ್ಟೋರಿಬುಕ್ ಅನ್ನೋ ಟೂಲ್‌ನಲ್ಲಿ ಒಂದೊಂದೇ ಕಾಂಪೊನೆಂಟ್ (ಬಟನ್, ಪಟ್ಟಿಯಂಥ ಬಿಡಿಭಾಗ) ಕಟ್ಟಿದ ಹುಡುಗರಿಗೆ, ಬಿಸಿಲಲ್ಲಿ ಕಾಣದ ತಿಳಿ ಬೂದು ಅಕ್ಷರ ಕಂಡರೆ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ 4.5ಕ್ಕೆ 1ರ ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸ) ಬರುವವರೆಗೂ ಬಿಡದ ಗೆಳೆಯನಿಗೆ, ಕೇಳಿದಾಗೆಲ್ಲ ಸಮಯ ಕೊಡಿಸಿದ ನಮ್ಮ ಮ್ಯಾನೇಜರ್ ಸರ್‌ಗೆ ತುಂಬಾ ಧನ್ಯವಾದ.

ಇನ್ನುಳಿದದ್ದೆಲ್ಲ ಅಕ್ಕನಿಗೆ.

ಟೆಸ್ಟಿಂಗ್ ನೋಡಿಕೊಳ್ಳುವ ಅವರನ್ನು ತಂಡದಲ್ಲಿ ಎಲ್ಲರೂ ಅಕ್ಕ ಅಂತಲೇ ಕರೆಯೋದು. ದಿನಾ ಮಂಡ್ಯದಿಂದ ಟ್ರೈನಿನಲ್ಲಿ ಬಂದು ಹೋಗುತ್ತಾರೆ. ಆ್ಯಪ್ ಬಿಡುಗಡೆಯ ಹಿಂದಿನ ಸಂಜೆ ಬ್ಯಾಗ್ ಹೆಗಲಿಗೇರಿಸಿ ಹೊರಟವರು, ಸುಮ್ನೆ ಒಂದು ಸಲ ನೋಡೋಣ ಅಂತ ಕನ್ನಡದ ಸ್ಕ್ರೀನ್ ತೆರೆದರು. ತಾಲ್ಲೂಕಿನ ಪಟ್ಟಿಯಲ್ಲಿ ಮದ್ದೂರು ಹೋಗಿ ಮದೂರು ಆಗಿತ್ತು. ಶ್ರೀರಂಗಪಟ್ಟಣದ ಒತ್ತುಗಳು ಕೆಳಗೆ ಕತ್ತರಿಸಿ ಹೋಗಿದ್ದವು.

ನಾವು ಆಧಾರಕ್ಕೆ ತೆಗೆದುಕೊಂಡ ಟೆಂಪ್ಲೇಟಿನ ಅಳತೆಗಳೆಲ್ಲ ಇಂಗ್ಲಿಷ್‌ಗೆ ಮಾಡಿದ್ದು. 16 ಪಿಕ್ಸೆಲ್ ಅಕ್ಷರಕ್ಕೆ 20 ಪಿಕ್ಸೆಲ್ ಸಾಲು. ಇಂಗ್ಲಿಷ್‌ಗೆ ಅಷ್ಟು ಸಾಕು. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಅದಕ್ಕೆ ಜಾಗವೇ ಇರಲಿಲ್ಲ. ಬಟನ್‌ನ ಎತ್ತರವೂ ಕದಲದ ಹಾಗೆ ಕಟ್ಟಿದ್ದು. ಆ ಸ್ಕ್ರೀನ್‌ಗಳಲ್ಲಿ ಮಾತ್ರ ಅಕ್ಷರ ಚಿಕ್ಕದು ಮಾಡಿದರಾಯಿತು ಅಂತ ಒಬ್ಬರು ಹೇಳಿದರು. ಅಕ್ಕ ಬ್ಯಾಗ್ ಕೆಳಗಿಟ್ಟರು. "ಮೊದ್ಲು ಕನ್ನಡಕ್ಕೆ ಜಾಗ ಮಾಡಾನ ಕಣವ್ವ. ಇಂಗ್ಲಿಷ್ ಅದ್ರಲ್ಲಿ ತಾನೇ ಕೂತ್ಕತದೆ."

ಅಂದು ಅವರು ಟ್ರೈನ್ ಹತ್ತಲಿಲ್ಲ. ಸಾಲಿನ ಎತ್ತರ 28 ಮಾಡಿದೆವು. ಬಟನ್‌ಗೆ ಕಟ್ಟಿದ್ದ ಎತ್ತರ ತೆಗೆದು, ಕನಿಷ್ಠ ಎತ್ತರ ಮತ್ತು ಮೇಲೆ ಕೆಳಗೆ ಪ್ಯಾಡಿಂಗ್ (ಖಾಲಿ ಜಾಗ) ಕೊಟ್ಟೆವು. ಅಳತೆಗಳೆಲ್ಲ ಟೋಕನ್‌ನಲ್ಲಿ (ಒಂದೇ ಕಡೆ ಹೆಸರಿಟ್ಟು ಬರೆದಿಟ್ಟ ಅಳತೆ) ಇದ್ದದ್ದರಿಂದ ಒಂದು ಕಡೆ ಬದಲಿಸಿದ್ದು ಎಲ್ಲ ಸ್ಕ್ರೀನ್‌ಗೂ ಹೋಯಿತು. ಆದರೆ ಸರಿಯಾಗಿದೆಯಾ ಅಂತ ಕಣ್ಣಲ್ಲಿ ಓದಿಯೇ ನೋಡಬೇಕಲ್ವಾ? ಜಿಲ್ಲೆಯಿಂದ ಜಿಲ್ಲೆಗೆ ಅಕ್ಕ ಹೆಸರುಗಳನ್ನು ಜೋರಾಗಿ ಓದುತ್ತಾ ಹೋದರು.

ನಡುರಾತ್ರಿ ನಾನು ಅತ್ತುಬಿಟ್ಟೆ. "ಬಟನ್ ಮಾಡೋಕೆ ಇಷ್ಟು ದಿನ ಬೇಕಾ" ಅಂತ ಅದುವರೆಗೆ ಕೇಳಿಸಿಕೊಂಡಿದ್ದೆಲ್ಲ ಒಟ್ಟಿಗೆ ನೆನಪಾಯಿತು. ಈ ಕೆಲಸವೇ ಬೇಡ, ಬಿಟ್ಟು ಹೋಗ್ತೀನಿ ಅಂದೆ. ಅದನ್ನು ಬೇರೆ ಯಾರಿಗೂ ಹೇಳಿರಲಿಲ್ಲ. ಅಕ್ಕ ಸಮಾಧಾನ ಹೇಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. "ನೀನು ಸ್ವಲ್ಪ ಮಲಕ್ಕೊ ಹೋಗು. ಚಾಮರಾಜನಗರ ನಾನು ನೋಡ್ಕತೀನಿ" ಅಂದರು. ನಾನು ಎದ್ದು ಬರುವಷ್ಟರಲ್ಲಿ ಗುಂಡ್ಲುಪೇಟೆ, ಕೊಳ್ಳೇಗಾಲ ಎಲ್ಲ ಮುಗಿಸಿ ಹಾಸನದಲ್ಲಿದ್ದರು.

ನನ್ನ ಪಾಲಿನ ಕೆಲಸವನ್ನು ಯಾರಾದರೂ ಹೀಗೆ ಸದ್ದಿಲ್ಲದೆ ಎತ್ತಿಕೊಂಡಿದ್ದು ಅದೇ ಮೊದಲು. ಅವರು ಅಂದು ಮನೆಗೆ ಹೋಗಿದ್ದರೆ ಬೆಳಗ್ಗೆ ನಾನು ರಾಜೀನಾಮೆ ಬರೆಯುತ್ತಿದ್ದೆ. ಆ್ಯಪ್ ಅರ್ಧ ಅಕ್ಷರಗಳ ಜೊತೆಗೇ ಜನರ ಕೈಗೆ ಹೋಗುತ್ತಿತ್ತು.

ಈಗ ನಮ್ಮ ಸಿಸ್ಟಮ್‌ನ ಮೊದಲ ಪುಟದಲ್ಲೇ ಬರೆದಿಟ್ಟಿದ್ದೇವೆ: ಯಾವ ಕಾಂಪೊನೆಂಟ್ ಆದರೂ ಮೊದಲು ಶ್ರೀರಂಗಪಟ್ಟಣ ಅಂತ ಟೈಪ್ ಮಾಡಿ ನೋಡಬೇಕು, ಆಮೇಲೆ ಮುಂದಿನದು. ಇದು ಅಕ್ಕನ ನಿಯಮ.

ಅಕ್ಕ, ಆಫೀಸಿನಲ್ಲಿ ಎದುರಿಗೆ ಹೇಳಲು ಹೋದರೆ ನೀವು ಮಾತು ತಿರುಗಿಸುತ್ತೀರಿ. ಅದಕ್ಕೇ ಎಲ್ಲರ ಮುಂದೆ ಹೇಳುತ್ತಿದ್ದೇನೆ, ತುಂಬಾ ಥ್ಯಾಂಕ್ಸ್. ಈ ಭಾನುವಾರ ಮಕ್ಕಳನ್ನೂ ಕರೆದುಕೊಂಡು ಮನೆಗೆ ಊಟಕ್ಕೆ ಬನ್ನಿ. ಅಮ್ಮ ನಿಮ್ಮನ್ನು ನೋಡಬೇಕಂತೆ.